ತೆಪ್ಪಕ್ಕೆ ಸೀರಿಯಲ್ ಲೈಟ್ ಹಾಕಬಹುದಾ?

ಪ್ರಶ್ನೆ: ಸರ್, ಈ ಕಾರ್ತಿಕದಲ್ಲಿ ನಮ್ಮ ದೇವಸ್ಥಾನದ ಕಲ್ಯಾಣಿಯಲ್ಲಿ ತೆಪ್ಪೋತ್ಸವ. ಲೈಟಿಂಗ್ ಕೆಲಸ ನಮ್ಮ ಹುಡುಗರ ಪಾಲಿಗೆ ಬಂದಿದೆ. ಮನೆಯ ಯುಪಿಎಸ್ಸು, 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ತೆಪ್ಪದ ಮೇಲಿಟ್ಟು ಆರು ಸೀರಿಯಲ್ ಸೆಟ್ ಹಾಕೋಣ ಅಂತಿದ್ದೇವೆ. ನಾಲ್ಕು ಗಂಟೆ ಉರಿದರೆ ಸಾಕು. ಸರಿ ಹೋಗುತ್ತದಾ? – ಓದುಗರು, ಮಲ್ಲೇಶ್ವರ

ಉತ್ತರ: ಉರಿಯುವುದೇನೋ ಉರಿಯುತ್ತದೆ, ನಾಲ್ಕು ಗಂಟೆ ಯಾಕೆ, ಬೆಳಗಿನವರೆಗೂ ಉರಿಯುತ್ತದೆ. ಆದರೂ ಬೇಡ. ಚಿಕ್ಕಪೇಟೆಯಲ್ಲಿ ಸಿಗುವ ಸೀರಿಯಲ್ ಸೆಟ್‌ಗೆ ಒಂದು ಪುಟ್ಟ ಡಬ್ಬಿ ಇರುತ್ತದಲ್ಲ, ಅದನ್ನು ಎಷ್ಟೋ ಜನ ವೋಲ್ಟೇಜ್ ಇಳಿಸುವ ಅಡಾಪ್ಟರ್ ಅಂದುಕೊಂಡಿರುತ್ತಾರೆ. ಸಾಮಾನ್ಯವಾಗಿ ಅದು ಲೈಟ್ ಮಿಣುಕಿಸುವ ಡಬ್ಬಿ, ಅಷ್ಟೇ. ಆ ಕೂದಲೆಳೆ ವೈರಿನಲ್ಲಿ ಇರುವುದು ಪೂರಾ 230 ವೋಲ್ಟ್. ಎಲ್ಲೋ ಒಂದು ಕಡೆ ಪ್ಲಾಸ್ಟಿಕ್ ಸುಲಿದಿದ್ದರೆ, ಕೆಳಗೆ ನೀರು, ಅರ್ಚಕರ ಒದ್ದೆ ಪಂಚೆ, ತೆಪ್ಪ ತಳ್ಳುವವರ ಒದ್ದೆ ಕೈ... ಮನೆಯಲ್ಲಾದರೆ ಕರೆಂಟ್ ಸೋರಿದ ಕೂಡಲೇ ಸಪ್ಲೈ ಕಡಿಯುವ ಇಎಲ್‌ಸಿಬಿ ಇದ್ದರೆ ಟ್ರಿಪ್ ಆಗುತ್ತದೆ, ತೆಪ್ಪದ ಮೇಲಿನ ಯುಪಿಎಸ್ಸಿಗೆ ಆ ಕಾವಲು ಇಲ್ಲ. ದಡದ ಕಂಬದಿಂದ ವೈರ್ ಎಳೆಯುವ ಯೋಚನೆ ಇದ್ದರೆ ಅದನ್ನೂ ಬಿಡಿ.

ಯುಪಿಎಸ್ ಬಿಟ್ಟು ಬ್ಯಾಟರಿಯ 12 ವೋಲ್ಟಿನಲ್ಲೇ ಮುಗಿಸಿ. ಎಸ್.ಪಿ. ರೋಡಿನಲ್ಲಿ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ ಕೇಳಿ, ಐದು ಮೀಟರಿನ ರೋಲ್, ಮೇಲೆ ಸಿಲಿಕೋನ್ ಹೊದಿಕೆ ಇರುವಂಥದ್ದು. ಮೀಟರಿಗೆ 60 ಎಲ್‌ಇಡಿ ಇರುವ 3528 ಅನ್ನುವ ಸೈಜಿನದು ತಗೊಳ್ಳಿ. 5050 ಅಂತ ಇನ್ನೊಂದು ತೋರಿಸುತ್ತಾರೆ, ಅದು ಮೂರು ಪಟ್ಟು ಕರೆಂಟ್ ಕುಡಿಯುತ್ತದೆ, ಕಣ್ಣು ಕುಕ್ಕಿ ಮಂಟಪದೊಳಗಿನ ಎಣ್ಣೆ ದೀಪವೇ ಕಾಣುವುದಿಲ್ಲ. 3528 ಮೀಟರಿಗೆ ಸುಮಾರು 4.8 ವ್ಯಾಟ್. ಎರಡು ರೋಲ್‌ಗೆ 48 ವ್ಯಾಟ್, ಅಂದರೆ 12 ವೋಲ್ಟಿಗೆ 4 ಆಂಪಿಯರ್. ನಾಲ್ಕು ಗಂಟೆಗೆ 16 ಎಎಚ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಇಳಿಸದಿದ್ದರೆ ಒಳ್ಳೆಯದು, ಹಾಗಾಗಿ 32 ಹಿಡಿಯಿರಿ. 42 ಎಎಚ್‌ನ ಸೀಲ್ಡ್ ಬ್ಯಾಟರಿ ಧಾರಾಳ. ನಿಮ್ಮ 150 ಎಎಚ್ ಬ್ಯಾಟರಿ ಸುಮಾರು 50 ಕೆಜಿ ತೂಗುತ್ತದೆ, ಡ್ರಮ್ ಕಟ್ಟಿದ ತೆಪ್ಪದ ಮೂಲೆಗೆ ಇಟ್ಟರೆ ದೇವರೇ ವಾಲಿಬಿಡುತ್ತಾನೆ, ಆಸಿಡ್ಡೂ ಚೆಲ್ಲಬಹುದು. ಚಿಕ್ಕ ಬ್ಯಾಟರಿಯನ್ನೂ ನಡುವಿಗೇ ಇಟ್ಟು ಹಗ್ಗ ಬಿಗಿಯಿರಿ.

ಫ್ಯೂಸ್ ಮಾತ್ರ ಮರೆಯಬೇಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ, ಆದರೆ ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಸುಮ್ನೆ ಐದು ನಿಮಿಷ ನೋಡೋಣ ಅಂತ ಫ್ಯೂಸ್ ಇಲ್ಲದೆ ಸ್ಕೂಟರ್ ಬ್ಯಾಟರಿಗೆ ಸ್ಟ್ರಿಪ್ ಹಾಕಿದ್ದ ನನಗೆ ಬೆರಳಿನ ಬೊಬ್ಬೆ ಒಂದು ವಾರ ಇತ್ತು. ಜೆ.ಸಿ. ರೋಡಿನಲ್ಲಿ ಗಾಡಿಗೆ ಹಾಕುವ ಫ್ಯೂಸ್ ಹೋಲ್ಡರ್ ಸಿಗುತ್ತದೆ, 7.5 ಆಂಪಿಯರ್ ಫ್ಯೂಸ್ ಹಾಕಿ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಕೂರಿಸಿ. ಅಲ್ಲಿಂದ ಎರಡೂ ರೋಲ್‌ಗೆ ಬೇರೆ ಬೇರೆ 1.5 ಎಂಎಂ ವೈರ್ ಎಳೆಯಿರಿ, ಒಂದರ ಬಾಲಕ್ಕೆ ಇನ್ನೊಂದು ಜೋಡಿಸಿದರೆ ತುದಿಯವು ಮಂಕಾಗುತ್ತವೆ. ಸ್ಟ್ರಿಪ್ಪಿನ ಅಂಟು ಒದ್ದೆ ಬಿದಿರಿಗೆ ನಿಲ್ಲುವುದಿಲ್ಲ, ಕೇಬಲ್ ಟೈ ಕಟ್ಟಿ.

ಪ್ರಶ್ನೆ: ಕಾರವಾರದಲ್ಲಿ ನಮ್ಮ ಭಾವನ ಹಾಯಿದೋಣಿ ಇದೆ, ಸಣ್ಣ ಎಂಜಿನ್ನೂ ಇದೆ. ಹೊಸ ವರ್ಷಕ್ಕೆ ಹಾಯಿಕಂಬಕ್ಕೆ ಲೈಟ್ ಸುತ್ತಬಹುದಾ? – ಓದುಗರು, ಜಯನಗರ

ಉತ್ತರ: ದಡಕ್ಕೆ ಕಟ್ಟಿರುವಾಗ ಸುತ್ತಿ, ಮೇಲಿನ ಲೆಕ್ಕವೇ ಸಾಕು. ರಾತ್ರಿ ಹೊರಟರೆ ಆರಿಸಿ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ ದೀಪ ನೋಡಿಯೇ ಎದುರಿನವರು ನಿಮ್ಮ ದೋಣಿ ಯಾವ ಕಡೆ ಹೊರಟಿದೆ ಅಂತ ಅಂದಾಜು ಮಾಡುವುದು, ಅದರ ಜೊತೆ ಗೊಂದಲವಾಗುವ ಬೇರೆ ದೀಪ ಹಾಕಬಾರದು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೂ ಕೈ ಹಾಕಬೇಡಿ, ಬೇರೆಯದೇ ಒಯ್ಯಿರಿ. ಇಲ್ಲದಿದ್ದರೆ ಬೆಳಿಗ್ಗೆ ಭಾವ ನಿಮ್ಮ ಕೈಗೆ ಹುಟ್ಟು ಕೊಟ್ಟಾರು.