ವಿಕಿಪೀಡಿಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆ ಕಲಾ ಗ್ಯಾಲರಿಯ ಪುಟಕ್ಕೆ ಯಾವ್ಯಾವ ಚಿತ್ರ ಹಾಕಲಿ? ಗ್ಯಾಲರಿಯ ಪುಟಕ್ಕೆ ಚಿತ್ರಗಳೇ ಅಲ್ಲವೇ ಜೀವಾಳ?

ಇದೇ ಪುಟಕ್ಕೆ ಕೈಹಾಕಿ ಸುಟ್ಟುಕೊಂಡವನು ನಾನು, ಕೇಳಿ.

ಜಗನ್ಮೋಹನಕ್ಕೆ ಹೋದವರೆಲ್ಲ ಹುಡುಕೋದು ದೀಪ ಹಿಡಿದ ಹೆಣ್ಣಿನ ಚಿತ್ರವನ್ನ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಬೆಳಕಿಗೆ ಬೆರಳುಗಳೇ ಕೆಂಪಾಗಿವೆ. ನಮ್ಮ ಮನೆಯ ಹಳೇ ಕ್ಯಾಲೆಂಡರಿನಲ್ಲಿ ಅದರ ಕೆಳಗೆ 'ರಾಜಾ ರವಿವರ್ಮ' ಅಂತ ಅಚ್ಚಾಗಿತ್ತು. ಗ್ಯಾಲರಿ ಒಳಗೆ ಕ್ಯಾಮೆರಾ ಬಿಡುತ್ತಿರಲಿಲ್ಲ, ಹಾಗಾಗಿ ಕ್ಯಾಲೆಂಡರನ್ನೇ ಸ್ಕ್ಯಾನ್ ಮಾಡಿ ಏರಿಸಿದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಹಕ್ಕುಸ್ವಾಮ್ಯ ಎಂದೋ ಮುಗಿದಿದೆ ಅನ್ನೋ ಧೈರ್ಯ.

ಲೆಕ್ಕ ಸರಿಯಿತ್ತು, ಕಲಾವಿದರೇ ಬೇರೆ. ಅದು ಎಸ್.ಎಲ್. ಹಲ್ದಂಕರ್ ತಮ್ಮ ಮಗಳನ್ನೇ ನಿಲ್ಲಿಸಿಕೊಂಡು 1940ರ ದಶಕದಲ್ಲಿ ಬರೆದ ಜಲವರ್ಣ. ಅವರು ತೀರಿಕೊಂಡದ್ದು 1968ರಲ್ಲಿ. ನಮ್ಮ ಕಾನೂನಿನ ಪ್ರಕಾರ ಮರುವರ್ಷದಿಂದ 60 ವರ್ಷ ಎಣಿಸಬೇಕು. ಅಂದರೆ 2028ರ ಕೊನೆಯವರೆಗೂ ಹಕ್ಕು ಜೀವಂತ. ಚಿತ್ರ ಕೊಂಡವರಿಗೆ ಚಿತ್ರ ಸಿಗುತ್ತೆ, ಹಕ್ಕು ತಾನಾಗಿ ಬರಲ್ಲ. ಇನ್ನು ಸ್ಕ್ಯಾನ್ ಮಾಡಿದವನಿಗೆ ಎಲ್ಲಿಂದ ಬರಬೇಕು? ನಾನೋ 'ಸ್ವಂತ ಕೃತಿ' ಅಂತ ಬೇರೆ ಟಿಕ್ ಹಾಕಿದ್ದೆ. ಫೈಲ್ ಅಳಿಸಿದರು, ಅಳಿಸಲಿ. ಅದರ ಬೆನ್ನಿಗೇ ನನ್ನ ಹಳೇ ಅಪ್‌ಲೋಡ್‌ಗಳನ್ನೆಲ್ಲ ಜಾಲಾಡಿದರು. ನಾನೇ ತೆಗೆದ ಊರ ದೇವಸ್ಥಾನದ ಫೋಟೋಗಳಿಗೂ ಪುರಾವೆ ಒದಗಿಸುತ್ತ ಕೂತೆ. ಅಷ್ಟರಲ್ಲಿ ನಾನು ಬರೆದ 'ರವಿವರ್ಮರ ಕೃತಿ' ಅನ್ನೋ ಸಾಲು ಯಾರದೋ ಪ್ರವಾಸ ಬರಹಕ್ಕೆ ಇಳಿದಾಗಿತ್ತು. ಅದನ್ನು ಯಾರು ಅಳಿಸಬೇಕು?

ಅದಿರಲಿ. ಗ್ಯಾಲರಿಯ ಪುಟಕ್ಕೆ ಚಿತ್ರಗಳೇ ಜೀವಾಳ ಅನ್ನೋ ನಿಮ್ಮ ಮಾತನ್ನೇ ನಾನು ಒಪ್ಪಲ್ಲ. ಆ ಕಟ್ಟಡದ ಕತೆ ಬರೆಯಿರಿ ಮೊದಲು. ಮುಮ್ಮಡಿ ಕೃಷ್ಣರಾಜ ಒಡೆಯರ್ 1861ರಲ್ಲಿ ಕಟ್ಟಿಸಿದ್ದು. 1897ರಲ್ಲಿ ಹಳೇ ಮರದ ಅರಮನೆ ಮದುವೆ ಸಂಭ್ರಮದ ನಡುವೆ ಸುಟ್ಟುಹೋದಾಗ ರಾಜಮನೆತನ ಬಂದು ನೆಲೆಸಿದ್ದು ಇಲ್ಲೇ. 1902ರಲ್ಲಿ ನಾಲ್ವಡಿಯವರಿಗೆ ವೈಸ್‌ರಾಯ್ ಕರ್ಜನ್ ಅಧಿಕಾರ ವಹಿಸಿಕೊಟ್ಟದ್ದೂ ಇಲ್ಲೇ. ಹೊಸ ಅರಮನೆ ಎದ್ದ ಮೇಲೆ, 1915ರಲ್ಲಿ, ಇದು ಗ್ಯಾಲರಿಯಾಯಿತು. ಜಯಚಾಮರಾಜೇಂದ್ರ ಅನ್ನೋ ಹೆಸರು ಬಂದದ್ದು 1955ರಲ್ಲಿ. ವಾಸದ ಮನೆ, ದರ್ಬಾರು, ಆಮೇಲೆ ಗ್ಯಾಲರಿ: ಈ ಬದಲಾವಣೆ ಬಿಟ್ಟು ಬರೀ ಚಿತ್ರದ ಹೆಸರುಗಳನ್ನು ಸಾಲಾಗಿ ಜೋಡಿಸಿದರೆ ಓದುಗನಿಗೇನು ಬಂತು?

ಸಂಗ್ರಹಕ್ಕೆ ಒಂದು ಪ್ಯಾರಾ ಸಾಕು. ಗಂಟೆ ಹೊಡೆದಾಗ ಪುಟಾಣಿ ಸಿಪಾಯಿಗಳು ಕವಾಯತು ಮಾಡೋ ಆ ಫ್ರೆಂಚ್ ಗಡಿಯಾರ ಮಾತ್ರ ಬಿಡಬೇಡಿ. ಹಲ್ದಂಕರ್ ಹೆಸರಿನ ಪಕ್ಕದಲ್ಲೇ, ಜನ ಆ ದೀಪದ ಚಿತ್ರವನ್ನು ರವಿವರ್ಮರದ್ದು ಅಂದುಕೊಳ್ಳುತ್ತಾರೆ ಅಂತಲೂ ಬರೆಯಿರಿ. ಫೋಟೋ ಬೇಕೇ ಬೇಕು ಅಂದರೆ ಕಟ್ಟಡದ ಮುಂಭಾಗ ನೀವೇ ತೆಗೆದು ಹಾಕಿ, ಅದಕ್ಕೆ ಕಾನೂನಿನ ತಕರಾರಿಲ್ಲ. 'ಭವ್ಯ', 'ನೋಡಲೇಬೇಕಾದ' ಎಲ್ಲ ಹೊಡೆದುಹಾಕಿ. ಟಿಕೆಟ್ ದರವನ್ನಂತೂ ಹಾಕಲೇಬೇಡಿ. ಅದು ಬದಲಾದ ದಿನ ಪುಟ ತಿದ್ದೋಕೆ ನೀವೂ ಇರಲ್ಲ, ನಾನೂ ಇರಲ್ಲ.