ಸೊಂಟ ಕುಣಿದರೆ ಮಾನ ಹೋಗುವುದಿಲ್ಲ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಸ್ಟ್ರೌಡ್ ಅಂತ ಒಂದು ಸಣ್ಣ ಊರಿದೆ. ಅಲ್ಲಿಂದ ಓದುಗರೊಬ್ಬರು ಬರೆದಿದ್ದಾರೆ. ವಯಸ್ಸು 48, ತವರು ದಾವಣಗೆರೆ. ಮಂಗಳವಾರ ಸಂಜೆ ಚರ್ಚ್ ಹಾಲ್‌ನಲ್ಲಿ ನಡೆಯುವ ಬೆಲ್ಲಿ ಡ್ಯಾನ್ಸ್, ಅಂದರೆ ಈಜಿಪ್ಟಿನ ಕಡೆಯ ಸೊಂಟದ ಕುಣಿತದ, ಕ್ಲಾಸಿಗೆ ಸೇರಿದ್ದಾರೆ. ಫೋನಿನಲ್ಲಿ ವಿಷಯ ಕೇಳಿದ ಅಕ್ಕ, "ಕ್ಯಾಬರೆ ಕಲಿಯೋ ವಯಸ್ಸಾ ಇದು? ಚಿಕ್ಕವಳಿದ್ದಾಗ ಭರತನಾಟ್ಯ ಕಲಿತಿದ್ದೆಯಲ್ಲ, ಅದು ಸಾಲದಾ?" ಅಂದರಂತೆ. ಬೇಸಿಗೆಯಲ್ಲಿ ಕ್ಲಾಸಿನವರೆಲ್ಲ ಸೇರಿ ಹಫ್ಲಾ, ಅಂದರೆ ಕುಣಿತದ ಕೂಟ, ಮಾಡುತ್ತಾರೆ. "ನಾನೂ ಕುಣಿಯಬಹುದಾ? ಇದು ನಮ್ಮದಲ್ಲದ ಕಲೆ ಅಲ್ವಾ?" ಎಂದು ಕೇಳಿದ್ದಾರೆ.

ಕುಣಿಯಿರಿ ತಾಯಿ, ಧಾರಾಳವಾಗಿ ಕುಣಿಯಿರಿ.

ನಮ್ಮದಲ್ಲದ ಕಲೆ ಅನ್ನುವ ನಿಮ್ಮ ಅಳುಕಿನಲ್ಲಿ ಹುರುಳೇ ಇಲ್ಲ ಅನ್ನುವುದಿಲ್ಲ. ಬೇರೆಯವರ ಕಲೆಯನ್ನು ಥಳುಕಿನ ಬಟ್ಟೆಗಾಗಿ ಎತ್ತಿಕೊಂಡರೆ ಅದು ತಪ್ಪೇ. ಆದರೆ ನಿಮ್ಮ ಅಕ್ಕನ ಸಿಟ್ಟು ಅದಕ್ಕಲ್ಲ. ನಮ್ಮ ಕಾಲದವರು ಈ ಕುಣಿತ ನೋಡಿದ್ದೇ ಎಪ್ಪತ್ತು-ಎಂಬತ್ತರ ದಶಕದ ಸಿನಿಮಾಗಳಲ್ಲಿ. ಖಳನಾಯಕನ ಅಡ್ಡೆ, ಸುತ್ತ ಕುಡಿಯುವ ಗಂಡಸರು, ನಡುವೆ ಕುಣಿಯುವ ಒಬ್ಬಳು. ಅಮೆರಿಕದವರಿಗೂ ಇಂಥದೇ ಪರಿಚಯವಾಯಿತು. 1893ರ ಷಿಕಾಗೊ ವಿಶ್ವಮೇಳದ ಅಂಗವಾಗಿಯೇ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು. ಅದೇ ಮೇಳದಲ್ಲಿ ಕೈರೋದ ಬೀದಿಯೊಂದನ್ನು ಕಟ್ಟಿ, ಟಿಕೆಟ್ ಇಟ್ಟು, ಈ ಕುಣಿತವನ್ನು ಕಣ್ಣಿಗೆ ಹಬ್ಬ ಅಂತ ತೋರಿಸಿದರು.

ಈಜಿಪ್ಟಿನ ಮನೆಗಳಲ್ಲಿ ಕಥೆಯೇ ಬೇರೆ. ಮದುವೆಮನೆಯಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಸೊಂಟಕ್ಕೊಂದು ಬಟ್ಟೆ ಬಿಗಿದು ಕುಣಿಯುತ್ತಾರೆ. ನೋಡಿ ನೋಡಿಯೇ ಕಲಿಯುತ್ತಾರೆ. ಆದರೆ ದುಡ್ಡಿಗೆ ಕುಣಿಯುವವಳನ್ನು ಅಲ್ಲೂ ದೂರ ಇಟ್ಟರು. 1834ರಲ್ಲಿ ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿ ಪಾಷಾ ಅಂಥವರನ್ನು ಕೈರೋದಿಂದ ದಕ್ಷಿಣದ ಎಸ್ನಾ ಕಡೆಗೆ ಓಡಿಸಿದ. ನಮ್ಮಲ್ಲಿ ಆದದ್ದೇನು ಕಡಿಮೆಯೇ? ನಿಮ್ಮ ಅಕ್ಕ ಮೆಚ್ಚುವ ಭರತನಾಟ್ಯವನ್ನು ನೂರು ವರ್ಷದ ಹಿಂದೆ ಮರ್ಯಾದಸ್ಥರು ಮನೆಯೊಳಗೇ ಬಿಡುತ್ತಿರಲಿಲ್ಲ.

ಕೈರೋದಲ್ಲಿ ತಹಿಯಾ ಕರಿಯೋಕಾ ಎಂಬ ದೊಡ್ಡ ಕಲಾವಿದೆ ಇದ್ದರು. ರಾಜಕೀಯಕ್ಕಾಗಿ ಜೈಲಿಗೂ ಹೋಗಿಬಂದವರು. ವಿದ್ವಾಂಸ ಎಡ್ವರ್ಡ್ ಸೈದ್ ಹುಡುಗನಾಗಿದ್ದಾಗ ಅವರ ಕುಣಿತ ನೋಡಿದ್ದರು. ದಶಕಗಳ ಮೇಲೆ ಅದನ್ನು ನೆನೆದು ಬರೆದರು. ಮೈಯನ್ನು ಎಷ್ಟು ಕಡಿಮೆ ಅಲುಗಿಸುತ್ತಾಳೆ ಅನ್ನುವುದರಲ್ಲೇ ಈ ಕಲೆಯ ಹೆಚ್ಚುಗಾರಿಕೆ ಇದೆ ಎಂಬುದು ಅವರ ಮಾತು. ಓದಿದಾಗ ನನಗೆ ನೆನಪಾದವರು ಮೈಸೂರಿನ ಭರತನಾಟ್ಯ ಕಲಾವಿದೆ ವೆಂಕಟಲಕ್ಷಮ್ಮನವರು. ಕಡೂರಿನ ಕಡೆಯ ತಾಂಡಾದಲ್ಲಿ ಹುಟ್ಟಿದರು, ಜಟ್ಟಿ ತಾಯಮ್ಮನವರ ಹತ್ತಿರ ಕಲಿತು ಅರಮನೆಯಲ್ಲಿ ಕುಣಿದರು. ಇಳಿವಯಸ್ಸಿನಲ್ಲಿ ಕೂತಲ್ಲೇ, ಹುಬ್ಬು ಕಣ್ಣುಗಳಲ್ಲೇ ಒಂದು ಪದವನ್ನು, ಅಂದರೆ ಅಭಿನಯದ ಹಾಡನ್ನು, ಬಿಡಿಸಿ ಇಡುತ್ತಿದ್ದರು.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ನಿಮ್ಮ ಕಾಲಿನ ಕಷ್ಟ. ಭರತನಾಟ್ಯದ ಅರಮಂಡಿಯಲ್ಲಿ, ಅಂದರೆ ಅರ್ಧ ಕೂತ ಭಂಗಿಯಲ್ಲಿ, ಮಂಡಿ ಹೊರಕ್ಕೆ, ನಡು ಗಟ್ಟಿ. ಇಲ್ಲಿ ಪಾದ ನೇರ, ಮಂಡಿ ಸಡಿಲ. ಮೈಭಾರವೆಲ್ಲ ಒಂದು ಕಾಲಿನ ಮೇಲೆ. ಡೋಲಿನ ಪೆಟ್ಟು ಹೀಗೆ: ದುಂ ತೆಕ್, ತೆಕ್ ದುಂ, ತೆಕ್. ದುಂ ಬಿದ್ದಾಗ ಇನ್ನೊಂದು ಕಡೆಯ ಸೊಂಟ ಕೆಳಗಿಳಿಯಬೇಕು, ಎದೆ ಅಲುಗಬಾರದು. ಚಿಕ್ಕಂದಿನಲ್ಲಿ "ಸೊಂಟ ಆಡಿಸಬೇಡ" ಅಂತ ಬೈಸಿಕೊಂಡ ಮೈಗೆ ಇದು ಸುಲಭವಲ್ಲ. ಪಕ್ಕದಲ್ಲಿ ಮಂಡಿ ಆಪರೇಷನ್ ಆದ ಎಪ್ಪತ್ತರ ಅಜ್ಜಿ ನಿಮಗಿಂತ ಚೆನ್ನಾಗಿ ಶಿಮ್ಮಿ (ಸೊಂಟವನ್ನು ಬಿರುಸಾಗಿ ಅದುರಿಸುವುದು) ಮಾಡುತ್ತಾರೆ ಅಂತ ಬರೆದಿದ್ದೀರಲ್ಲ, ಭೇಷ್! ಆದರೆ "ಈ ವಯಸ್ಸಿನಲ್ಲಿ" ಅಂತ ಸಾಲುಸಾಲಿಗೂ ಬರೆದಿದ್ದು ನನಗೆ ಇಷ್ಟವಾಗಲಿಲ್ಲ. ಯಾರ ಕ್ಷಮೆ ಕೇಳುತ್ತಿದ್ದೀರಿ?

ಹೊಟ್ಟೆ ಕಾಣುತ್ತೆ ಅನ್ನುವ ಚಿಂತೆಯನ್ನೂ ಬಿಡಿ. ಈಜಿಪ್ಟಿನ ಬಲದಿ, ಅಂದರೆ ಜನಪದ ಶೈಲಿಯ, ಕುಣಿತದ ಅಂಗಿ ಕತ್ತಿನಿಂದ ಕಾಲ ಹರಡಿನವರೆಗೆ ಇರುತ್ತದೆ. ನಿಮ್ಮ ಉದ್ದನೆಯ ಕುರ್ತಾ ಮೇಲೆ ನಾಣ್ಯದ ಪಟ್ಟಿ ಕಟ್ಟಿಕೊಂಡರೆ ಸಾಕು.

ನನ್ನ ಸಂಕಟ ಇರುವುದು ನಮ್ಮ ಊರುಗಳ ಬಗ್ಗೆ. ಇಲ್ಲಿ ನೃತ್ಯ ಅಂದರೆ ಮಕ್ಕಳದ್ದು. ಜೂನಿಯರ್, ಸೀನಿಯರ್ ಪರೀಕ್ಷೆ, ಸಾಲ ಮಾಡಿ ರಂಗಪ್ರವೇಶ, ಆಮೇಲೆ ಮದುವೆ. ಗೆಜ್ಜೆ ಅಟ್ಟ ಸೇರುತ್ತದೆ. ನಲವತ್ತು ದಾಟಿದ ಹೆಂಗಸು ಮತ್ತೆ ಮೈ ಆಡಿಸಬೇಕಾದರೆ ಡಾಕ್ಟರು ಶುಗರ್ ಜಾಸ್ತಿ ಅನ್ನಬೇಕು. ಆಗಲೂ ಪಾರ್ಕಿನಲ್ಲಿ ಸುಮ್ನೆ ಸುತ್ತು ಹಾಕುವುದು. ಸರ್ಟಿಫಿಕೇಟಿಲ್ಲದೆ, ವೇದಿಕೆಯಿಲ್ಲದೆ, ಬರೀ ಖುಷಿಗೆ ಕಲಿಯುವುದಕ್ಕೆ ಅವಳಿಗೆ ಜಾಗವೇ ಇಲ್ಲ. ಸ್ಟ್ರೌಡ್‌ನಂಥ ಸಣ್ಣ ಊರಿನಲ್ಲಿ ಕುರ್ಚಿಗಳನ್ನು ಗೋಡೆಗೆ ಒತ್ತರಿಸಿ ಜಾಗ ಮಾಡಿಕೊಡುತ್ತಾರೆ. ದಾವಣಗೆರೆಯಲ್ಲಿ ಕಲ್ಯಾಣ ಮಂಟಪಗಳಿಗೆ ಬರವೇ? ಆಷಾಢವಿಡೀ ಖಾಲಿ ಬಿದ್ದಿರುತ್ತವೆ. ವಾರಕ್ಕೊಂದು ಸಂಜೆ, ಒಂದೇ ಗಂಟೆ, ಕಡಿಮೆ ಬಾಡಿಗೆಗೆ ಹೆಂಗಸರಿಗೆ ಬಿಟ್ಟುಕೊಟ್ಟರೆ ಯಾರಿಗೆ ನಷ್ಟ? ಕೋಲಾಟ ಆಡಲಿ, ಬಿಟ್ಟ ಭರತನಾಟ್ಯ ಹಿಡಿಯಲಿ, ಬೇಕಿದ್ದರೆ ಬೆಲ್ಲಿ ಡ್ಯಾನ್ಸೇ ಕಲಿಯಲಿ. ಹೀಗೆ ಜಾಗ ಕೊಡುವ ಮಂಟಪದವರು, ಶಾಲೆಯವರು ಯಾರಿದ್ದರೂ ನಮಗೆ ಬರೆಯಿರಿ. ವಿಳಾಸವನ್ನು ದುಡ್ಡಿಲ್ಲದೆ ಅಚ್ಚು ಹಾಕುತ್ತೇವೆ.

— ಸಂ.