ಹಳೆಯ ಕಲಂಗಳೇ ತಲೆಯಲ್ಲಿ ಕುಳಿತಿವೆ, ಬಡ್ತಿ ಪರೀಕ್ಷೆಗೆ ಹೊಸ ಕಾಯ್ದೆ ಓದುವುದು ಹೇಗೆ?

ದಾವಣಗೆರೆಯಲ್ಲಿ ಕಾನ್‌ಸ್ಟೇಬಲ್ ಆಗಿ ಹನ್ನೆರಡು ವರ್ಷದ ಸೇವೆ, ಬಡ್ತಿ ಪರೀಕ್ಷೆಗೆ ಎರಡು ತಿಂಗಳು, ಹಳೆಯ ದಂಡ ಸಂಹಿತೆ ಐಪಿಸಿಯ ಕಲಂಗಳು ನಾಲಿಗೆಯ ತುದಿಯಲ್ಲಿವೆ, ಅದರ ಜಾಗಕ್ಕೆ ಬಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಮಾತ್ರ ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ, ಬಂದೋಬಸ್ತ್ ನಡುವೆ ಏನನ್ನು ಮೊದಲು ಓದಲಿ ಎಂದು ಕೇಳಿದ್ದೀರಿ. ನಾನು ಇದೇ ಊರಿನ ಒಂದು ಠಾಣೆಯಲ್ಲಿ ಏಳು ವರ್ಷ ಕಡತ ಬರೆಯುವ ಬರಹಗಾರನಾಗಿ ಕೆಲಸ ಮಾಡಿದವನು. ಐಪಿಸಿ ಕಾಲದಲ್ಲಿ ಮೊದಲ ಸಲ ಪರೀಕ್ಷೆ ಬರೆದಾಗ ಫೇಲಾದೆ. ಆ ಬೇಸಿಗೆ ಇನ್ನೂ ನೆನಪಿದೆ. ಕಲಂಗಳೆಲ್ಲ ಬಾಯಿಪಾಠವಾಗಿದ್ದವು, ಆದರೆ ಪ್ರಶ್ನೆಯಲ್ಲಿ ಕೊಟ್ಟ ಘಟನೆಗೆ ಯಾವ ಕಲಂ ಹಚ್ಚಬೇಕೆಂಬುದೇ ಹೊಳೆಯಲಿಲ್ಲ.

ಮೊದಲು ಒಂದು ಕೆಲಸ ಮಾಡಿ. ಎಲ್ಲರ ಮೊಬೈಲ್‌ನಲ್ಲೂ ಓಡಾಡುತ್ತಿರುವ ‘ಹಳೆಯ ಕಲಂ, ಹೊಸ ಕಲಂ’ ಪಟ್ಟಿಯನ್ನು ಪಕ್ಕಕ್ಕಿಡಿ. ಅದರಿಂದ ಹಳೆಯ ಸಂಖ್ಯೆಯೇ ಗಟ್ಟಿಯಾಗುತ್ತದೆ, ಹೊಸದು ಅದರ ಬಾಲವಾಗಿ ಉಳಿಯುತ್ತದೆ. ಹಳೆಯ ಸಂಖ್ಯೆಗಳು ಸತ್ತಿಲ್ಲ ಎಂಬುದೇ ದೊಡ್ಡ ಅಪಾಯ. ಐಪಿಸಿಯ 302 ಕೊಲೆ. ಬಿಎನ್‌ಎಸ್‌ನಲ್ಲಿ 302 ಎಂದರೆ ಧಾರ್ಮಿಕ ಭಾವನೆ ನೋಯಿಸುವ ಉದ್ದೇಶದಿಂದ ಆಡಿದ ಮಾತು. ಕೊಲೆಯ ಶಿಕ್ಷೆ 103ಕ್ಕೆ ಹೋಗಿದೆ. ಬಂದೋಬಸ್ತ್‌ನಲ್ಲಿ ನಾವು ದಿನವೂ ಹೇಳುತ್ತಿದ್ದ ನಿಷೇಧಾಜ್ಞೆಯ 144 ಇದ್ದದ್ದು ತನಿಖೆ, ವಿಚಾರಣೆಯ ವಿಧಾನ ಹೇಳುವ ಹಳೆಯ ಸಿಆರ್‌ಪಿಸಿಯಲ್ಲಿ; ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 163. ಬಿಎನ್‌ಎಸ್‌ಎಸ್‌ನಲ್ಲಿ 144 ತೆರೆದು ನೋಡಿದರೆ ಹೆಂಡತಿ ಮಕ್ಕಳ ಜೀವನಾಂಶ ಸಿಗುತ್ತದೆ. 420 ಬಿಎನ್‌ಎಸ್‌ನಲ್ಲಿ ಇಲ್ಲವೇ ಇಲ್ಲ, ಇರುವುದೇ 358 ಕಲಂಗಳು. ವಂಚನೆಗೆ ಈಗ 318(4). ಇಂಥ ಏಳೆಂಟನ್ನು ಮಾತ್ರ ಬೇರೆಯಾಗಿ ಬರೆದುಕೊಳ್ಳಿ.

ಉಳಿದದ್ದನ್ನು ಪ್ರಕರಣದ ದಾರಿಯಲ್ಲಿ ಓದಿ. ಒಂದು ಉದಾಹರಣೆ. ಬೆಳಗಿನ ಆರು ಗಂಟೆ, ಮನೆಯ ಮುಂದೆ ರಂಗೋಲಿ ಹಾಕುತ್ತಿದ್ದ ಅಮ್ಮನವರ ಕೊರಳಿನ ಸರವನ್ನು ಬೈಕ್‌ನಲ್ಲಿ ಬಂದವನು ಕಿತ್ತುಕೊಂಡು ಹೋದ. ಹಠಾತ್ತನೆ, ಬಲವಂತವಾಗಿ ಕಸಿದಿದ್ದರಿಂದ ಇದು ಬಿಎನ್‌ಎಸ್ 304, ಶಿಕ್ಷೆ ಮೂರು ವರ್ಷದವರೆಗೆ. ಐಪಿಸಿಯಲ್ಲಿ ಇದಕ್ಕೆ ಪ್ರತ್ಯೇಕ ಕಲಂ ಇರಲಿಲ್ಲ. ಈಗ ಘಟನೆಯನ್ನು ಸ್ವಲ್ಪ ಬದಲಿಸಿ. ಸರ ಬಿಡದ ಆ ಅಮ್ಮನವರನ್ನು ಅವನು ಬೇಕೆಂದೇ ತಳ್ಳಿ ಬೀಳಿಸಿದ, ಮೊಣಕೈ ತರಚಿ ರಕ್ತ ಬಂತು. ಕಳ್ಳತನಕ್ಕಾಗಿ ಗಾಯ ಮಾಡಿದ್ದರಿಂದ ಅದು ಸುಲಿಗೆ, ಕಲಂ 309. ಶಿಕ್ಷೆ ಏಳು ವರ್ಷ ದಾಟಿತು. ಆ ಕೂಡಲೇ ಬಿಎನ್‌ಎಸ್‌ಎಸ್ 176(3) ನೆನಪಾಗಬೇಕು: ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧದಲ್ಲಿ ವಿಧಿವಿಜ್ಞಾನ ತಜ್ಞರನ್ನು ಸ್ಥಳಕ್ಕೆ ಕರೆಸುವುದು. ಒಂದು ತಳ್ಳಾಟದಿಂದ ತನಿಖೆಯ ದಾರಿಯೇ ಬದಲಾಯಿತು ನೋಡಿ. ಹೀಗೆ ಓದಿದ ಕಲಂ ಮರೆಯುವುದಿಲ್ಲ, ಏಕೆಂದರೆ ಆ ತರಚಿದ ಮೊಣಕೈ ಕಣ್ಣ ಮುಂದೆ ಇರುತ್ತದೆ.

ನನ್ನನ್ನು ಕೇಳಿದರೆ ಬಿಎನ್‌ಎಸ್, ಬಿಎನ್‌ಎಸ್‌ಎಸ್, ಸಾಕ್ಷ್ಯ ಅಧಿನಿಯಮ ಎಂಬ ಮೂರು ಹೊಸ ಕಾಯ್ದೆಗಳಲ್ಲಿ ಮೊದಲು ಹಿಡಿಯಬೇಕಾದದ್ದು ಬಿಎನ್‌ಎಸ್‌ಎಸ್. ನಮ್ಮವರು ಬಿಎನ್‌ಎಸ್ ಹಿಡಿದು ಕುಳಿತು ಇದನ್ನು ಕೊನೆಯ ವಾರಕ್ಕೆ ತಳ್ಳುತ್ತಾರೆ, ಅಲ್ಲೇ ಅಂಕ ಹೋಗುತ್ತದೆ. ನೀವು ಹನ್ನೆರಡು ವರ್ಷ ಕೈಯಿಂದ ಮಾಡಿದ ಕೆಲಸವೆಲ್ಲ ಅದರಲ್ಲಿದೆ. ಎಫ್‌ಐಆರ್ 173, ಸಾಕ್ಷಿಗಳ ಹೇಳಿಕೆ 180, ಅಸಹಜ ಸಾವಿನ ವಿಚಾರಣೆ 194, ದೋಷಾರೋಪಣ ಪಟ್ಟಿ 193. ಹೊಸದಾಗಿ ಬಂದದ್ದನ್ನು ಇನ್ನೂ ಗಮನವಿಟ್ಟು ಓದಿ. ಮೂರು ವರ್ಷದಿಂದ ಏಳು ವರ್ಷದ ಒಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು, 173(3). ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ವರ್ಷ ಮೀರಿದವರನ್ನು ಅಥವಾ ಅಶಕ್ತರನ್ನು ಡಿವೈಎಸ್‌ಪಿ ಅನುಮತಿ ಇಲ್ಲದೆ ದಸ್ತಗಿರಿ ಮಾಡುವಂತಿಲ್ಲ, 35(7). ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು, ಪಂಚರ ಸಹಿ ಹಾಕಿಸುವುದೂ ಅದರಲ್ಲಿ ಬರಬೇಕು, 105. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಪಿರ್ಯಾದಿಗೆ ತಿಳಿಸಬೇಕು, 193(3). ಈ ಕೊನೆಯದು ನನಗೆ ಬಹಳ ಇಷ್ಟವಾದ ಮಾತು. ‘ನಮ್ಮ ಕೇಸು ಏನಾಯಿತು ಸಾರ್’ ಎಂದು ಠಾಣೆಯ ಬೆಂಚಿನ ಮೇಲೆ ಕಾದು ಕುಳಿತವರನ್ನು ವರ್ಷಗಟ್ಟಲೆ ನೋಡಿದ್ದೇನೆ.

ಯಾವುದು ಸಂಜ್ಞೇಯ (ವಾರಂಟ್ ಇಲ್ಲದೆ ದಸ್ತಗಿರಿ ಮಾಡಬಹುದಾದದ್ದು), ಯಾವುದು ಜಾಮೀನು ಸಿಗುವಂಥದ್ದು, ಯಾವ ನ್ಯಾಯಾಲಯ ಎಂಬುದಕ್ಕೆ ಬಿಎನ್‌ಎಸ್‌ಎಸ್‌ನ ಮೊದಲನೇ ಅನುಸೂಚಿ ನೋಡಿ, ಗೈಡ್ ನಂಬಬೇಡಿ. ಸಾಕ್ಷ್ಯ ಅಧಿನಿಯಮದಲ್ಲಿ 170 ಕಲಂಗಳಿವೆ, ಸಮಯ ಕಡಿಮೆ ಇದ್ದರೆ 23, 26 ಮತ್ತು 63 ಚೆನ್ನಾಗಿ ಓದಿ. ಆರೋಪಿ ಕೊಟ್ಟ ಮಾಹಿತಿಯಿಂದ ಪತ್ತೆಯಾದದ್ದರ ಬಗ್ಗೆ ಹೇಳುವ ಹಳೆಯ ಸಾಕ್ಷ್ಯ ಕಾಯ್ದೆಯ 27 ಈಗ 23ರ ಪರಂತುಕವಾಗಿದೆ, ಅಂದರೆ ಅದಕ್ಕೆ ಅಂಟಿದ ವಿನಾಯಿತಿ. ಮರಣಪೂರ್ವ ಹೇಳಿಕೆ 26ರಲ್ಲಿದೆ. ಸಿಸಿ ಕ್ಯಾಮೆರಾ ದೃಶ್ಯಕ್ಕೆ ಕೊಡುವ ಪ್ರಮಾಣಪತ್ರ 63(4).

ಹೊಸ ಕಾಯ್ದೆಗಳು ಜಾರಿಯಾದದ್ದು 2024ರ ಜುಲೈ 1. ಅದಕ್ಕೂ ಮೊದಲು ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯಿಸುತ್ತದೆ, ದೂರು ನಂತರ ಬಂದರೂ ಸರಿ. ಪ್ರಶ್ನೆಯಲ್ಲಿ ದಿನಾಂಕ ಕೊಟ್ಟಿದ್ದರೆ ಮೊದಲು ಅದರ ಕೆಳಗೆ ಗೆರೆ ಎಳೆಯಿರಿ.

ಸಮಯದ ಮಾತು. ಎರಡನೇ ಸಲ ಓದುವಾಗ ನಾನು ಜೇಬಿನಲ್ಲಿ ಹಿಡಿಯುವಷ್ಟು ಪುಟ್ಟ ನೋಟ್‌ಪುಸ್ತಕ ಇಟ್ಟುಕೊಂಡಿದ್ದೆ. ದುಗ್ಗಮ್ಮನ ಜಾತ್ರೆಯ ಬಂದೋಬಸ್ತ್‌ನಲ್ಲಿ ಬ್ಯಾರಿಕೇಡ್ ಪಕ್ಕ ಸರದಿ ಬದಲಾಗುವವರೆಗೆ ಸಿಗುವ ಹತ್ತು ನಿಮಿಷಕ್ಕೆ ಒಂದು ಪುಟ ಸಾಕು. ಪುಟಕ್ಕೆ ಒಂದೇ ಅಪರಾಧ, ಅದರ ಅಂಶಗಳು ನಿಮ್ಮದೇ ಮಾತಿನಲ್ಲಿ. ವಾರಕ್ಕೊಮ್ಮೆ ಇತ್ಯರ್ಥವಾದ ಒಂದು ಕಡತವನ್ನು ಅಧಿಕಾರಿಗಳ ಅನುಮತಿ ಪಡೆದು ಠಾಣೆಯಲ್ಲೇ ಕುಳಿತು ದೂರಿನಿಂದ ದೋಷಾರೋಪಣ ಪಟ್ಟಿಯವರೆಗೆ ಓದಿ. ಹಳೆಯ ಕಡತವಾದರೆ ಪ್ರತಿ ಹಾಳೆಯಲ್ಲೂ ಇಂದು ಯಾವ ಕಲಂ ಬರುತ್ತಿತ್ತು ಎಂದು ಕೇಳಿಕೊಳ್ಳಿ.

ಇವತ್ತೇ ಶುರು ಮಾಡಿ. ಹರಿಹರದಲ್ಲಿ ನಿಲ್ಲಿಸಿದ್ದ ಬೈಕ್ ಕಳವಾಗಿದೆ, ಯಜಮಾನರು ದಾವಣಗೆರೆಯ ನಿಮ್ಮ ಠಾಣೆಗೆ ಬಂದು ದೂರು ಕೊಡುತ್ತಿದ್ದಾರೆ. ‘ಅದು ನಮ್ಮ ಸರಹದ್ದಲ್ಲ’ ಎನ್ನಬಹುದೇ? 173ರ ಮೊದಲ ಉಪಕಲಂ ಓದಿ, ಉತ್ತರವನ್ನು ಅರ್ಧ ಪುಟ ಬರೆದು ಇಲ್ಲೇ ಹಾಕಿ. ರಾತ್ರಿ ಪಾಳಿ ಮುಗಿಸಿ ಬಂದು ತಿದ್ದಿ ಕೊಡುತ್ತೇನೆ.